ರಾಣಿಯ ಕೆನ್ನೆ ಮೇಲೆ ನನ್ನ ಫೋನು

ಡಿಗ್ರಿ ಮುಗಿದು ಎಂಟು ತಿಂಗಳಾಗಿತ್ತು. ರೆಸ್ಯೂಮೆ ಕಳಿಸುವುದು, ಇನ್‌ಬಾಕ್ಸ್ ನೋಡುವುದು, ಮತ್ತೆ ಕಳಿಸುವುದು, ಇಷ್ಟೇ ಕೆಲಸ. ಒಂದು ದಿನ ಅಜ್ಜಿ ದೇವರಮನೆಯಿಂದ ತಗಡಿನ ಡಬ್ಬಿಯೊಂದನ್ನು ತಂದು ಮುಂದಿಟ್ಟರು. ‘ನಿಮ್ಮಜ್ಜ ಕೂಡಿಟ್ಟಿದ್ದು ಕಣೋ. ಫೋಟೊ ಹೊಡೆದು ಯಾರಿಗಾದ್ರೂ ತೋರ್ಸು. ಕೋಚಿಂಗ್ ಫೀಸಿಗಾದ್ರೂ ಆದೀತು’ ಅಂದರು. ಒಳಗೆ ವಿಕ್ಟೋರಿಯಾ ರಾಣಿಯ ನಾಲ್ಕು ಬೆಳ್ಳಿ ರೂಪಾಯಿ, ಒಂದು ಹಿಡಿ ತೂತಿನ ಕಾಸು, ಟಿಪ್ಪು ಕಾಲದ ಆನೆಯಿರುವ ಒಂದು ತಾಮ್ರದ ಪೈಸೆ.

ಹಳೇ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ ಎನ್ನುವ ಜಾಹೀರಾತು ನೀವೂ ನೋಡಿರುತ್ತೀರಿ. ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುತ್ತಾರೆ. ಇಂಥ ವ್ಯವಹಾರದಲ್ಲಿ ತನ್ನ ಹೆಸರನ್ನು ದುರ್ಬಳಕೆ ಮಾಡಿಕೊಂಡು ಹಣ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಅವರ ಸಹವಾಸ ಬೇಡ ಎಂದು ನಿಜವಾದ ಸಂಗ್ರಹಕಾರರನ್ನೇ ಹುಡುಕಿದೆ. ಎಲ್ಲರದ್ದೂ ಒಂದೇ ಮಾತು: ‘ಫೋಟೊ ಕಳಿಸಿ.’

ಫೋಟೊ ಏನು ಮಹಾ ಅಂದುಕೊಂಡೆ. ಮೊದಲ ಚಿತ್ರದಲ್ಲಿ ರಾಣಿಯ ಕೆನ್ನೆ ಮೇಲೆ ನನ್ನ ಫೋನು ಕುಳಿತಿತ್ತು. ಫ್ಲ್ಯಾಶ್ ಹಾಕಿದರೆ ರಾಣಿಯೇ ಮಾಯ, ಬರೀ ಬಿಳಿ ಬೊಟ್ಟು. ಹತ್ತಿರ ಹೋದರೆ ದುಂಡು ನಾಣ್ಯ ಮೊಟ್ಟೆಯಂತಾಯಿತು, ಮೇಲಾಗಿ ಬೆಳಕಿಗೂ ನಾನೇ ಅಡ್ಡ. ಟ್ಯೂಬ್‌ಲೈಟಿನಲ್ಲಿ ಬೆಳ್ಳಿ ನೀಲಿ, ಹಳೇ ಬಲ್ಬಿನಲ್ಲಿ ಹಿತ್ತಾಳೆ.

ಬೆಳ್ಳಿ ನಾಣ್ಯ ಅಂದರೆ ಉಬ್ಬುತಗ್ಗಿರುವ ಪುಟ್ಟ ಕನ್ನಡಿ ಎಂದು ಅರ್ಥವಾಗಲು ನನಗೆ ಎರಡು ವಾರ ಬೇಕಾಯಿತು. ಉಬ್ಬು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಅದು ಕಾಣುವುದು ನೆರಳಿನಿಂದ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನು ಎರಡು ಸಾಲು ಪೇರಿಸಿ (ಓದಿದ್ದಕ್ಕಿಂತ ಹೆಚ್ಚು ಉಪಯೋಗ ಬಂದದ್ದು ಆಗಲೇ) ಮೇಲೆ ಫೋನನ್ನು ಅಡ್ಡ ಮಲಗಿಸಿದೆ. ನಾಣ್ಯದಿಂದ ಒಂದಡಿ ಎತ್ತರ, ಎರಡು ಪಟ್ಟು ಝೂಮ್, ಕೈ ಅಲುಗಾಟ ತಪ್ಪಿಸಲು ಟೈಮರ್. ಬಣ್ಣ ಸರಿಪಡಿಸಿಕೊಳ್ಳಲು ಪಕ್ಕದಲ್ಲೊಂದು ಬಿಳಿ ಹಾಳೆ. ಟೇಬಲ್ ಲ್ಯಾಂಪಿಗೆ ಬಟರ್ ಪೇಪರ್ ಕಟ್ಟಿದ ಮೇಲೆ ರಾಣಿ ಮೊದಲ ಸಲ ರಾಣಿಯಂತೆ ಕಂಡಳು.

ನಮ್ಮದರಲ್ಲಿ ಒಂದು 1862ರದ್ದು. ಆ ಇಸವಿಯನ್ನೇ ಹಾಕಿ ಮುಂದೆ ಹಲವು ವರ್ಷ ರೂಪಾಯಿ ಟಂಕಿಸಿದ್ದರಿಂದ, ಇಸವಿಯ ಆಸುಪಾಸಿನ ಸಣ್ಣ ಚುಕ್ಕಿಗಳನ್ನು ಎಣಿಸಿ ಬಗೆ ಗುರುತಿಸುತ್ತಾರೆ. ಚುಕ್ಕಿ ಮಸುಕಾದರೆ ಫೋಟೊ ದಂಡ. ಆ ನಾಣ್ಯ ಕಪ್ಪಗಾಗಿತ್ತು. ನಾನು ಬುದ್ಧಿವಂತಿಕೆ ತೋರಿಸಿ ಟೂತ್‌ಪೇಸ್ಟ್ ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು. ಬಟರ್ ಪೇಪರಿನ ಮೆತ್ತನೆ ಬೆಳಕಿನಲ್ಲಿ ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ಹಿರಿಯ ಸಂಗ್ರಹಕಾರರೊಬ್ಬರು ಅವತ್ತೇ ಹಣ ಕಳಿಸಿದರು.

ಕೊರಿಯರ್ ಮುಟ್ಟಿದ ದಿನ ಫೋನ್ ಬಂತು. ‘ತಮ್ಮಾ, ಇದನ್ನ ತಿಕ್ಕಿದೀಯೇನಪ್ಪಾ?’ ಒಂದೇ ಬಲ್ಬಿನ ಕೆಳಗೆ ತಾವು ತೆಗೆದ ಚಿತ್ರವನ್ನೂ ಕಳಿಸಿದರು. ರಾಣಿಯ ಮುಖದ ಸುತ್ತ ಕೂದಲೆಳೆಯಂಥ ನೂರಾರು ಗೀರು, ತಳ ಉಜ್ಜಿದ ಸ್ಟೀಲ್ ಪಾತ್ರೆಯ ಹಾಗೆ. ಮೆತ್ತನೆ ಬೆಳಕು ಅದಷ್ಟನ್ನೂ ಮುಚ್ಚಿಬಿಟ್ಟಿತ್ತು. ನಾನು ಬೇಕೆಂದು ಮುಚ್ಚಿರಲಿಲ್ಲ, ಆದರೆ ಅವರ ದುಡ್ಡಿಗೆ ಅದರಿಂದೇನು ವ್ಯತ್ಯಾಸ? ಪೂರ್ತಿ ಹಣ ವಾಪಸ್ ಕಳಿಸಿದೆ, ಎರಡೂ ಕಡೆಯ ಕೊರಿಯರ್ ಖರ್ಚು ಸೇರಿಸಿ. ಕಪ್ಪಗಿದ್ದಾಗ ಅದಕ್ಕಿದ್ದ ಬೆಲೆ ಇನ್ನು ಬರುವುದಿಲ್ಲ ಎಂದೂ ಅವರೇ ಹೇಳಿದರು. ಅಜ್ಜಿಗೆ ಅದನ್ನು ಹೇಳಲು ನಾಲ್ಕು ದಿನ ತೆಗೆದುಕೊಂಡೆ.

ಈಗ ಪ್ರತಿ ನಾಣ್ಯಕ್ಕೂ ಎರಡು ಚಿತ್ರ: ಒಂದು ಮೆತ್ತನೆ ಬೆಳಕಲ್ಲಿ, ಇನ್ನೊಂದು ಒಂದೇ ಬಲ್ಬಿನ ಓರೆ ಬೆಳಕಲ್ಲಿ. ಗೀರಿದ್ದರೆ ಎರಡನೆಯದರಲ್ಲಿ ಕಾಣಲೇಬೇಕು. ಕನ್ನಡಿಯಂಥ ಹೊಸ ನಾಣ್ಯಗಳಿಗೆ ಇನ್ನೊಂದು ಉಪಾಯವಿದೆ. ನಾಣ್ಯದ ಮೇಲೆ ಗಾಜಿನ ತುಂಡನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಗಾಜು ಅದರಲ್ಲಿ ಒಂದಿಷ್ಟನ್ನು ನೇರ ಕೆಳಕ್ಕೆ ತಿರುಗಿಸುತ್ತದೆ. ಫೋನು ಅದೇ ಗಾಜಿನ ಮೂಲಕ ನೋಡುತ್ತದೆ. ಲ್ಯಾಂಪಿನ ಬೆಳಕು ನೇರವಾಗಿ ನಾಣ್ಯಕ್ಕೆ ಬೀಳದಂತೆ ರಟ್ಟು ಅಡ್ಡ ಇಟ್ಟರಾಯಿತು.

ಕೊನೆಗೆ ಉಳಿದದ್ದು ಆನೆ ಪೈಸೆ. ಹುಣಸೆಹಣ್ಣು ಹಾಕಿ ಬೆಳಗೋಣವೇ ಎಂದು ಅಜ್ಜಿ ಕೇಳಿದಾಗ ಹೌಹಾರಿ ಕಿತ್ತುಕೊಂಡೆ. ತಾಮ್ರ ಬೆಳಕನ್ನು ನುಂಗುತ್ತದೆ, ಸವೆದದ್ದಾದರೆ ಕೇಳುವುದೇ ಬೇಡ. ಲ್ಯಾಂಪನ್ನು ಕೆಳಗಿಟ್ಟು ಹೊಡೆದ ಚಿತ್ರದಲ್ಲಿ ಆನೆ ತಗ್ಗಿನಲ್ಲಿ ಹೂತಂತೆ ಕಂಡಿತು. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಕಣ್ಣಿಗೆ ರೂಢಿ, ಅದಕ್ಕೇ ಉಬ್ಬು ತಗ್ಗಾಗಿ ತೋರುತ್ತದೆ. ಗಡಿಯಾರದ ಹತ್ತು ಗಂಟೆಯ ಜಾಗಕ್ಕೆ ಲ್ಯಾಂಪ್ ಸರಿಸಿ ತಗ್ಗಿಸುತ್ತ ಹೋದೆ. ಬೆನ್ನು ಎದ್ದಿತು, ಆಮೇಲೆ ಸೊಂಡಿಲು, ಕಾಲು.

ಆ ಹಿರಿಯರು ಈಗ ತಮ್ಮದೇ ಸಂಗ್ರಹದ ಫೋಟೊ ತೆಗೆಯಲು ಕರೆದಿದ್ದಾರೆ, ನಾಣ್ಯಕ್ಕೆ 20 ರೂಪಾಯಿ. ಕೋಚಿಂಗ್ ಫೀಸಿನ ಮೊದಲ ಕಂತು ಅದರಿಂದಲೇ ಕಟ್ಟಿದೆ. ಆನೆಯ ಚಿತ್ರ ನೋಡಿದ ಅಜ್ಜಿ, ‘ಇದೊಂದನ್ನ ಮಾರೋದು ಬೇಡ’ ಎಂದು ಪೈಸೆಯನ್ನು ಡಬ್ಬಿಗೆ ಹಾಕಿ ದೇವರಮನೆಗೆ ಒಯ್ದರು.