ಹಲಗಲಿಯ ಬಂಡು: ನಾಮಾಂತರ ಮತ್ತು ನೆನಪು

1857ರ ಘಟನೆಗಳನ್ನು ಆಂಗ್ಲ ಅಧಿಕಾರಿಗಳು ಸಿಪಾಯಿ ದಂಗೆಯೆಂದರು. 1909ರಲ್ಲಿ ಸಾವರಕರರ ಗ್ರಂಥ ಅವನ್ನೇ ಸ್ವಾತಂತ್ರ್ಯ ಸಮರವೆಂದಿತು. 1957ರ ಶತಮಾನೋತ್ಸವದಲ್ಲಿ ಈ ಹೆಸರಿಗೆ ರಾಷ್ಟ್ರದ ಮನ್ನಣೆಯೂ ದೊರೆಯಿತು. ಈ ನಾಮಾಂತರದಿಂದ ಕನ್ನಡನಾಡಿನ ನೆನಪಿಗೆ ಏನಾಯಿತೆಂಬುದು ವಿಚಾರಾರ್ಹವಾಗಿದೆ.

ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ಬಂಡೆದ್ದುದು ದಿಲ್ಲಿಯ ಬಾದಶಹನಿಗಾಗಿ ಅಲ್ಲ, ಆಯುಧಗಳನ್ನು ಒಪ್ಪಿಸಿರೆಂಬ ಆಜ್ಞೆಯ ವಿರುದ್ಧವಾಗಿ. ಬೇಡನಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಊರಿಗೆ ಬೆಂಕಿ ಬಿದ್ದಿತು. 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಲಾವಣಿಕಾರರು ಜಡಗ, ಬಾಲ, ಹನುಮ, ರಾಮರ ಹೆಸರು ಹಿಡಿದು ಈ ಕಥೆಯನ್ನು ಹಾಡಿದರು. ಆ ಹಾಡನ್ನು ಸಂಗ್ರಹಿಸಿ, ಮುಂಬಯಿಯಿಂದ ಹೊರಡುತ್ತಿದ್ದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದವನು ಆಂಗ್ಲ ಸರಕಾರದ ಅಧಿಕಾರಿ ಫ್ಲೀಟ್ ಎಂಬುದು ವಿನೋದವೇ ಸರಿ!

ಇಂದು ಆ ಲಾವಣಿ ಕರ್ನಾಟಕದ ಶಾಲಾಪಠ್ಯವನ್ನೂ ಸೇರಿದೆ. ಸಮಾರಂಭದ ಭಾಷಣಗಳಲ್ಲಿ ಬೇಡರು ರಾಷ್ಟ್ರವೀರರು. ಲಾವಣಿಯಲ್ಲಾದರೋ ಆಯುಧ ಬಿಡೆನೆಂದು ಹಟ ಹಿಡಿದವರು. ಗೌರವ ಹೆಚ್ಚಿತು, ಕಾರಣ ಮಸುಕಾಯಿತು.

ಅಚ್ಚಾದ ಪಾಠ ಒಂದೇ. ಬಾಯಿಪಾಠಕ್ಕೆ ಪಾಠಾಂತರಗಳು ಸಹಜ. ಉತ್ತರ ಕರ್ನಾಟಕದಿಂದ ಬಂದು ಧಾರಾವಿಯಲ್ಲಿ ನೆಲೆಸಿದ ಶ್ರಮಜೀವಿ ಕುಟುಂಬಗಳ ಹಿರಿಯರನ್ನು ಈ ವಿಷಯದಲ್ಲಿ ಕೇಳಿ ಬರೆದುಕೊಳ್ಳಬೇಕಾಗಿದೆ. ಪುನರ್ವಿಕಾಸ ಯೋಜನೆಯಿಂದ ಅಲ್ಲಿಯ ಕೇರಿಗಳು ಚದುರುವ ಮೊದಲೇ ಈ ಕೆಲಸ ನಡೆಯಬೇಕು.