ಬ್ಲಡ್ ಗ್ರೂಪ್ ಬೇರೆ, ಅಜ್ಜ ಒಬ್ಬನೇ

ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆ ಸೋದರಿಕೆಯ ಸಂಬಂಧ ಗಟ್ಟಿ ಮಾಡುವಾಗ ಈಗ ಒಂದು ಶಾಸ್ತ್ರ ಹೆಚ್ಚಾಗಿದೆ: ಹುಡುಗ-ಹುಡುಗಿಯ ಬ್ಲಡ್ ಗ್ರೂಪ್ ನೋಡುವುದು. ಒಬ್ಬರದು ಎ, ಇನ್ನೊಬ್ಬರದು ಬಿ ಎಂದು ಲ್ಯಾಬಿನ ಚೀಟಿ ಬಂದರೆ ಹಿರಿಯರ ಮುಖ ಅರಳುತ್ತದೆ. 'ಗ್ರೂಪ್ ಬ್ಯಾರೆ ಅದಾವ್ರಿ, ಮಕ್ಕಳಿಗೆ ಏನೂ ಆಗಂಗಿಲ್ಲ.' ಡಿಗ್ರಿ ಮಾಡಿದವರೂ ಹೂಂಗುಟ್ಟುತ್ತಾರೆ.

ಸ್ವಾಮಿ, ತಂದೆ ಎ, ತಾಯಿ ಬಿ, ಇಬ್ಬರಲ್ಲೂ ಓ ಅಡಗಿ ಕೂತಿದ್ದರೆ ಅವರ ನಾಲ್ಕು ಮಕ್ಕಳಿಗೆ ಎ, ಬಿ, ಎಬಿ, ಓ ಎಂದು ನಾಲ್ಕು ಗ್ರೂಪ್ ಬರಬಹುದು. ಗ್ರೂಪ್ ಬೇರೆಯಾದರೆ ರಕ್ತಸಂಬಂಧ ಕಳಚುವುದಾದರೆ ಆ ಒಡಹುಟ್ಟಿದವರೂ ಪರಕೀಯರೇ ಆಗಬೇಕಲ್ಲ!

ಎ-ಬಿ-ಓ ನಿರ್ಧರಿಸುವುದು 9ನೇ ಕ್ರೋಮೋಸೋಮಿನ ಒಂದೇ ಒಂದು ಜೀನ್. ಮನುಷ್ಯನಲ್ಲಿರುವ ಜೀನ್‌ಗಳು ಸುಮಾರು 20,000. ಬೀಟಾ ಥಲಸ್ಸೀಮಿಯಾ ಎಂಬ ವಂಶಪಾರಂಪರ್ಯದ ರಕ್ತದ ಕಾಯಿಲೆ ತರುವ ಜೀನ್ ಇರುವುದು 11ನೇ ಕ್ರೋಮೋಸೋಮಿನಲ್ಲಿ. ಒಂದನ್ನು ನೋಡಿ ಇನ್ನೊಂದಕ್ಕೆ ಜಾಮೀನು ಕೊಡುವುದು, ಇಳಕಲ್ ಸೀರೆಯ ಸೆರಗಷ್ಟೇ ಮುಟ್ಟಿ ಒಡಲಲ್ಲಿ ಎಳೆ ಹರಿದಿಲ್ಲ ಎಂದಂತೆ.

ಥಲಸ್ಸೀಮಿಯಾದ ದೋಷವಿರುವ ಜೀನಿನ ಒಂದೇ ಪ್ರತಿ ಇದ್ದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಅವರಿಗೇ ಅದು ಗೊತ್ತಿರುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. 'ಮೊದಲ ಕೂಸು ಚಲೋ ಐತಿ' ಎಂದರೆ ಎರಡನೆಯದಕ್ಕೆ ರಿಯಾಯಿತಿ ಇಲ್ಲ. ಒಬ್ಬ ಅಜ್ಜನ ದೋಷ ಇಬ್ಬರು ಮೊಮ್ಮಕ್ಕಳಿಗೂ ಇಳಿದು ಬರುವುದು ಸುಲಭ: ಸೋದರತ್ತೆಯ ಮಗ-ಸೋದರಮಾವನ ಮಗಳ ನಡುವೆ ಸರಾಸರಿ ಎಂಟರಲ್ಲೊಂದು ಪಾಲು ಜೀನ್ ಹಂಚಿಕೆಯಾಗಿರುತ್ತದೆ, ಅಕ್ಕನ ಮಗಳನ್ನು ಮಾಡಿಕೊಂಡರೆ ನಾಲ್ಕರಲ್ಲೊಂದು. ಚಿಕ್ಕಪ್ಪನ ಮಗಳೂ ಅದೇ ಎಂಟರಲ್ಲೊಂದೇ. ಅವಳು ತಂಗಿ, ಅತ್ತೆಯ ಮಗಳು ಹೆಂಡತಿ ಎನ್ನುವ ಭೇದ, ಬೆಡಗಿನ ಲೆಕ್ಕ ಜೀನಿಗೆ ತಿಳಿಯದು.

'ನಮ್ಮಜ್ಜ ಅಕ್ಕನ ಮಗಳನ್ನ ಮಾಡ್ಕೊಂಡಿದ್ದ, ಏನಾತು?' ಏನೂ ಆಗದೇ ಇದ್ದಿರಬಹುದು. ಇಂಥ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಯಾವುದೇ ಹೆರಿಗೆಯಲ್ಲಿ ನೂರಕ್ಕೆ ಎರಡು-ಮೂರು ಇರುವ ಜನ್ಮದೋಷದ ಅಪಾಯ ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಅಷ್ಟೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲೊಂದಕ್ಕೂ ಹೆಚ್ಚು ಮದುವೆ ಬಳಗದೊಳಗೇ. ಆಗ ಈ 'ಅಷ್ಟೆ' ಚಿಕ್ಕದಲ್ಲ.

ಗ್ರೂಪ್ ನೋಡಬೇಡಿ ಎನ್ನುತ್ತಿಲ್ಲ. ತಾಯಿ ನೆಗೆಟಿವ್, ಕೂಸು ಪಾಸಿಟಿವ್ ಆದರೆ ಆಂಟಿ-ಡಿ ಇಂಜೆಕ್ಷನ್ ಬೇಕು. ಅದು ಬಳಗದವರಿಗೂ ಒಂದೇ, ಬೀದರಿನಿಂದ ಬಂದ ಸೊಸೆಗೂ ಒಂದೇ. ಬಳಗದ ಚಿಂತೆಯಿದ್ದರೆ ಕೇಳಬೇಕಾದ್ದು ಥಲಸ್ಸೀಮಿಯಾಕ್ಕೆ ಹಿಮೋಗ್ಲೋಬಿನ್ ಎ2 ಪರೀಕ್ಷೆ, ಮನೆತನದಲ್ಲಿ ಕಾಯಿಲೆ ಇದ್ದರೆ ಜೆನೆಟಿಕ್ ಕೌನ್ಸೆಲಿಂಗ್.

ಉಳಿದ ತಪ್ಪು ನಂಬಿಕೆಗಳಿಗೆ ಒಂದೊಂದೇ ಸಾಲು ಸಾಕು. ಹೆಣ್ಣು ಹುಟ್ಟಿದ್ದಕ್ಕೆ ಸೊಸೆಯನ್ನು ಬೈಯಬೇಡಿ, ಎಕ್ಸೋ ವೈಯೋ ಕಳಿಸಿದವನು ನಿಮ್ಮ ಮಗ. ಗ್ರಹಣ ನೋಡಿದ ಬಸುರಿಯ ಕೂಸಿಗೆ ತುಟಿ ಸೀಳುವುದಿಲ್ಲ. ಕೇಸರಿ ಹಾಲಿನಿಂದ ಬೆಳ್ಳಗಾಗುವುದು ಅಂಗಡಿಯವನ ಗಲ್ಲಾ ಮಾತ್ರ.

ಜಾತಕ ನಂಬುವವರ ಜೊತೆ ವಾದ ಮಾಡುವುದು ಸುಲಭ, ಅವರು ವಿಜ್ಞಾನದ ಹೆಸರು ಹೇಳುವುದಿಲ್ಲ. ಚೀಟಿಯ ಮೇಲೆ ಲ್ಯಾಬಿನ ಸಿಕ್ಕಾ ಬಿದ್ದರೆ ಸಾಕು, ಅದು ಏನನ್ನು ಅಳೆದಿದೆ ಎಂದು ಕೇಳುವವರೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಮೆಂಡೆಲ್ಲನ ಬಟಾಣಿಯ ಮೂರಕ್ಕೊಂದರ ಲೆಕ್ಕ ಬರೆದು ಪೂರ್ತಿ ಅಂಕ ತಗೊಂಡವರೇ ಮಾತುಕತೆಗೆ ಕೂತಾಗ ಎಲೆ ಅಡಿಕೆ ಮುಂದಿಟ್ಟುಕೊಂಡು 'ಗ್ರೂಪ್ ಬ್ಯಾರೆ ಐತಿ' ಎನ್ನುತ್ತಾರೆ. ಆ ಅಂಕ ವಾಪಸ್ ಪಡೆಯುವ ನಿಯಮವೊಂದು ಬರಬೇಕು.