ಮನೆಯಲ್ಲೊಂದು ಚಾಲಕಪೀಠ

ಕುಸ್ತಿಗೆ ಗರಡಿಯ ಮಟ್ಟಿ ಸಾಕು. ಕಬಡ್ಡಿಗೆ ಊರ ಬಯಲು ಸಾಕು. ಮೋಟಾರು ಪಂದ್ಯದ ಮಾತು ಹಾಗಲ್ಲ. ಅದಕ್ಕೆ ಕಾರು ಬೇಕು, ಒಂದೇ ದಿನದಲ್ಲಿ ಸವೆದುಹೋಗುವ ಟೈರುಗಳು ಬೇಕು, ನುರಿತ ಮೆಕ್ಯಾನಿಕ್ಕುಗಳು ಬೇಕು, ಓಡಲು ಪಥ ಬೇಕು. ಆದುದರಿಂದಲೇ ಅದು ಹುಟ್ಟಿದಂದಿನಿಂದ ಬಹುಮಟ್ಟಿಗೆ ಸಿರಿವಂತರ ಮನೆಯ ಮಕ್ಕಳ ಆಟವಾಗಿ ನಡೆದುಬಂದಿದೆ. ಆ ಮುಚ್ಚಿದ ಬಾಗಿಲನ್ನು ಈಚಿನ ವರ್ಷಗಳಲ್ಲಿ ಸ್ವಲ್ಪವಾದರೂ ತೆರೆದದ್ದು ಗಣಕಯಂತ್ರದ ಪಂದ್ಯದಾಟ. ಪರದೆಯ ಮುಂದೆ ಒಂದು ಆಸನ, ಕೈಗೊಂದು ಸ್ಟೀರಿಂಗ್ ಚಕ್ರ, ಕಾಲಿಗೆ ಪೆಡಲುಗಳು, ಇವನ್ನೆಲ್ಲ ಹಿಡಿದು ನಿಲ್ಲಿಸುವ ಒಂದು ಚೌಕಟ್ಟು. ಇಷ್ಟಕ್ಕೆ ಆಟಗಾರರು ಕಾಕ್‌ಪಿಟ್ ಎನ್ನುತ್ತಾರೆ. ನಾವು ಚಾಲಕಪೀಠವೆನ್ನೋಣ. ಅಂಗಡಿಯಲ್ಲಿ ಕೊಳ್ಳಹೋದರೆ ಇದಕ್ಕೂ ದೊಡ್ಡ ಹಣವೇ ಬೇಕು. ಮನೆಯಲ್ಲಿ ಕಡಿಮೆ ಖರ್ಚಿನಲ್ಲಿ ಕಟ್ಟಿಕೊಳ್ಳಬಹುದೇ, ಕಟ್ಟಿದರೆ ಯಾವುದರಲ್ಲಿ ಉಳಿಸಬೇಕು, ಯಾವುದರಲ್ಲಿ ಉಳಿಸಬಾರದು ಎಂಬುದು ಈ ಹೊತ್ತಿನ ವಿಚಾರ.

ಇದು ಕೇವಲ ಮಕ್ಕಳಾಟವೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಬಿಂಗ್‌ಹ್ಯಾಂಟನ್ ಊರಿನ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಪಿಯಾನೊ, ಆರ್ಗನ್‌ಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ವಿಮಾನ ಹಾರಿಸುವ ಪಾಠಕ್ಕೆ ತಗಲುವ ಹಣವನ್ನು ಕಂಡು ಬೇಸತ್ತ ಲಿಂಕ್, ಆರ್ಗನ್ನಿನ ತಿದಿಗಳನ್ನೇ ಬಳಸಿ, ನೆಲದ ಮೇಲೆಯೇ ಓಲಾಡುವ ಒಂದು ಪುಟ್ಟ ವಿಮಾನದ ಗೂಡನ್ನು ೧೯೨೯ರಲ್ಲಿ ಸಿದ್ಧಪಡಿಸಿದ. ಮೊದಲು ಅದನ್ನು ಕೊಂಡವರು ವಿನೋದೋದ್ಯಾನಗಳವರು. ೧೯೩೪ರಲ್ಲಿ ಅಂಚೆ ಸಾಗಿಸುವ ಕೆಲಸಕ್ಕೆ ಇಳಿದ ಅಮೆರಿಕದ ಸೇನಾ ವಿಮಾನ ಚಾಲಕರು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತಾಗ, ಸೇನೆ ಆ ಆಟಿಕೆಯನ್ನೇ ಹುಡುಕಿಕೊಂಡು ಬಂತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಚಾಲಕರು ಕಲಿತದ್ದು ಅದರಲ್ಲಿ. ಮೋಟಾರು ಪಂದ್ಯದಲ್ಲಿಯೂ ಇಂಥ ಸಂಗತಿ ನಡೆದಿದೆ. ಆಟದ ಚಕ್ರ ಹಿಡಿದು ಗೆದ್ದವರನ್ನು ನಿಜವಾದ ಕಾರಿಗೆ ಏರಿಸುವ ಜಿ.ಟಿ. ಅಕಾಡೆಮಿ ಎಂಬ ಸ್ಪರ್ಧೆ ೨೦೦೮ರಲ್ಲಿ ಆರಂಭವಾಯಿತು. ಅದರ ಮೊದಲ ವಿಜೇತ, ಸ್ಪೇನಿನ ಲೂಕಾಸ್ ಒರ್ಡೊನೆಸ್, ೨೦೧೧ರಲ್ಲಿ ಫ್ರಾನ್ಸಿನ ಲೆ ಮಾನ್‌ನ ೨೪ ಗಂಟೆಗಳ ಪಂದ್ಯದಲ್ಲಿ ತನ್ನ ವರ್ಗದ ಎರಡನೆಯ ಸ್ಥಾನ ಪಡೆದ ತಂಡದಲ್ಲಿದ್ದ.

ಹಾಗಾದರೆ ಕೋಣೆಯಲ್ಲಿ ಕುಳಿತವನಿಗೆ ಈ ಯಂತ್ರ ಕಲಿಸುವುದೇನು? ಮುಖ್ಯವಾಗಿ ಟೈರಿನ ಭಾಷೆಯನ್ನು. ತಿರುವಿನಲ್ಲಿ ಟೈರು ನೆಲವನ್ನು ಹಿಡಿದಿರುವಾಗ ತನ್ನನ್ನು ತಾನು ನೇರಕ್ಕೆ ತಂದುಕೊಳ್ಳಲು ಯತ್ನಿಸುತ್ತದೆ. ಆ ಯತ್ನವೇ ಚಾಲಕನ ಕೈಗೆ ಸ್ಟೀರಿಂಗಿನ ಭಾರವಾಗಿ ತಿಳಿಯುವುದು. ಆದರೆ ಹಿಡಿತದ ಎಲ್ಲೆ ಹತ್ತಿರ ಬಂದಾಗ ಈ ಭಾರ ಏರುವ ಬದಲು ಇಳಿಯತೊಡಗುತ್ತದೆ. ಟೈರು ಪೂರ್ತಿ ಜಾರುವ ಮೊದಲೇ ಚಕ್ರ ಕೈಯಲ್ಲಿ ಹಗುರವಾಗುತ್ತದೆ. ‘ಇನ್ನು ಸಾಕು’ ಎಂದು ಕಾರು ಹೇಳುವ ಮಾತು ಅದು. ಆಟದ ಚಕ್ರದೊಳಗೆ ಒಂದು ಮೋಟಾರು ಕುಳಿತು ಈ ಏರಿಳಿತವನ್ನು ಕೈಗೆ ಮುಟ್ಟಿಸುತ್ತದೆ. ಆ ಸೂಕ್ಷ್ಮವಾದ ಇಳಿತ ಕೈಗೆ ತಲುಪಬೇಕಾದರೆ ಚಕ್ರವನ್ನು ಹಿಡಿದ ಹಲಗೆ ಅಲುಗಬಾರದು. ಅಲುಗಿದರೆ ಸಂದೇಶವೆಲ್ಲ ಹಲಗೆಯಲ್ಲಿಯೇ ಕರಗಿಹೋಗುತ್ತದೆ. ಬಿರಡೆ ಸಡಿಲವಾದ ವೀಣೆಯಲ್ಲಿ ಶ್ರುತಿಯನ್ನು ಹುಡುಕಿದಂತೆ ಆಗುತ್ತದೆ. ಆದುದರಿಂದ ಬಡವನ ಚಾಲಕಪೀಠದ ಮೊದಲನೆಯ ಧರ್ಮ ಅಂದವಲ್ಲ, ಅಲುಗದಿರುವುದು.

ಸಂತೋಷದ ವಿಷಯವೆಂದರೆ ಅಲುಗದಿರುವುದಕ್ಕೆ ಹಣಕ್ಕಿಂತ ಲೆಕ್ಕ ಹೆಚ್ಚು ಬೇಕು. ಒಂದು ತುದಿಯನ್ನು ಬಿಗಿದ ಹಲಗೆಯ ಇನ್ನೊಂದು ತುದಿಯನ್ನು ಒತ್ತಿದಾಗ, ಚಾಚಿದ ಉದ್ದ ಇಮ್ಮಡಿಯಾದರೆ ಬಾಗು ಎಂಟು ಮಡಿಯಾಗುತ್ತದೆ. ದಪ್ಪ ಇಮ್ಮಡಿಯಾದರೆ ಬಾಗು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಎರಡು ತೆಳುವಾದ ಪ್ಲೈವುಡ್ಡುಗಳನ್ನು ಅಂಟು ಹಾಕಿ ಒಂದಾಗಿಸುವುದು, ಚಕ್ರದ ಹಲಗೆ ಕಂಬದಿಂದ ಹೆಚ್ಚು ಚಾಚದಂತೆ ನೋಡಿಕೊಳ್ಳುವುದು, ಇವೆರಡರಿಂದಲೇ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಓರೆಪಟ್ಟಿ ಮಾಡುತ್ತದೆ. ನಾಲ್ಕು ಪಟ್ಟಿಗಳ ಚೌಕವನ್ನು ಒತ್ತಿದರೆ ಅದು ವಾಲುತ್ತದೆ. ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಜಡಿದರೆ ಎರಡು ತ್ರಿಕೋನಗಳಾಗಿ ನಿಲ್ಲುತ್ತದೆ. ನಮ್ಮ ಹೆಂಚಿನ ಮಾಡಿನ ಮರದ ಕಟ್ಟು ನಿಂತಿರುವುದು ಇದೇ ನ್ಯಾಯದ ಮೇಲೆ. ಅಗ್ಗವೆಂದು ನೀರಿನ ಪ್ಲಾಸ್ಟಿಕ್ ಕೊಳವೆಗಳಿಂದ ಚೌಕಟ್ಟು ಕಟ್ಟುವವರಿದ್ದಾರೆ. ನೋಡಲು ಅಚ್ಚುಕಟ್ಟು; ಆದರೆ ಬ್ರೇಕನ್ನು ಬಲವಾಗಿ ಒತ್ತಿದಾಗ ಬಾಗುತ್ತದೆ. ಅದೇ ಹಣಕ್ಕೆ ಸಿಗುವ ಮರದ ರೀಪುಗಳೇ ಲೇಸು.

ಬ್ರೇಕಿನ ಮಾತು ಬಂತು. ಅಂಗಡಿಯ ಅಗ್ಗದ ಪೆಡಲು ಅಳೆಯುವುದು ಕಾಲು ಎಷ್ಟು ದೂರ ಸರಿಯಿತು ಎಂಬುದನ್ನು. ನಿಜವಾದ ಕಾರಿನಲ್ಲಿ ಬ್ರೇಕಿನ ಎಣ್ಣೆ ಕುಗ್ಗದ ದ್ರವ. ಪ್ಯಾಡು ತಟ್ಟೆಯನ್ನು ಹಿಡಿದ ಮೇಲೆ ಪೆಡಲು ಹೆಚ್ಚೇನೂ ಸರಿಯುವುದಿಲ್ಲ, ಕಾಲಿನ ಒತ್ತಡ ಮಾತ್ರ ಏರುತ್ತದೆ. ನಮ್ಮ ಕಾಲು ಕೂಡ ದೂರಕ್ಕಿಂತ ಒತ್ತಡವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಹೀಗೆ ಒತ್ತಡವನ್ನೇ ಅಳೆಯುವ ಸಾಧನಕ್ಕೆ ಲೋಡ್ ಸೆಲ್ ಎಂದು ಹೆಸರು. ಕಿರಾಣಿ ಅಂಗಡಿಯ ವಿದ್ಯುತ್ ತಕ್ಕಡಿಯೊಳಗೆ ಇರುವುದೂ ಅದೇ. ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗಿದಾಗ ಅದಕ್ಕೆ ಅಂಟಿಸಿದ ತೆಳುತಂತಿಯ ವಿದ್ಯುತ್ ನಿರೋಧ ಬದಲಾಗುತ್ತದೆ. ಆ ಬದಲಾವಣೆಯೇ ಅಳತೆ. ಸೆಲ್ಲು, ಅದರ ಸಂಕೇತವನ್ನು ಹಿಗ್ಗಿಸುವ ಎಚ್‌ಎಕ್ಸ್ ೭೧೧ ಎಂಬ ಬಿಲ್ಲೆ, ಎರಡೂ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಇಟಲಿಯ ಇವ್ರೇಯಾದಲ್ಲಿ ೨೦೦೫ರಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿಕೊಂಡ ಆರ್ಡುಯಿನೊ ಹಲಗೆಗಳ ಪೈಕಿ ಲಿಯೊನಾರ್ಡೊ ಎಂಬುದು, ಈ ಅಳತೆಯನ್ನು ಗಣಕಯಂತ್ರಕ್ಕೆ ಆಟದ ಸಾಧನದ ಸೋಗಿನಲ್ಲಿಯೇ ತಲುಪಿಸಬಲ್ಲದು. ಒಂದು ಎಚ್ಚರ ಬೇಕು: ಆ ಬಿಲ್ಲೆ ಸಾಮಾನ್ಯವಾಗಿ ಸೆಕೆಂಡಿಗೆ ೧೦ ಬಾರಿ ಅಳೆಯುವಂತೆ ಜೋಡಿಸಿ ಬರುತ್ತದೆ. ತಕ್ಕಡಿಗೆ ಅಷ್ಟು ಸಾಕು, ಬ್ರೇಕಿಗೆ ಸಾಲದು. ೮೦ ಬಾರಿಗೆ ಬದಲಿಸಿಕೊಳ್ಳಬೇಕು.

ಇಷ್ಟು ಬಲವಾಗಿ ಒತ್ತುವಾಗ ನ್ಯೂಟನ್ನನ ಮೂರನೆಯ ನಿಯಮವನ್ನು ಮರೆಯುವಂತಿಲ್ಲ. ಕಾಲು ಪೆಡಲನ್ನು ಎಷ್ಟು ಮುಂದಕ್ಕೆ ತಳ್ಳುತ್ತದೆಯೋ ಬೆನ್ನು ಆಸನವನ್ನು ಅಷ್ಟೇ ಹಿಂದಕ್ಕೆ ತಳ್ಳುತ್ತದೆ. ಗಾಲಿಯ ಕುರ್ಚಿಯಲ್ಲಿ ಕುಳಿತವನು ಬ್ರೇಕು ಒತ್ತಿದೊಡನೆ ಗೋಡೆ ಸೇರುತ್ತಾನೆ. ಆಸನವನ್ನೂ ಪೆಡಲನ್ನೂ ಒಂದೇ ತೊಲೆಗೆ ಬಿಗಿದರೆ ಎರಡು ಬಲಗಳೂ ಚೌಕಟ್ಟಿನೊಳಗೇ ಸಮಾಧಾನಗೊಳ್ಳುತ್ತವೆ. ನೆಲಕ್ಕೆ ಮೊಳೆ ಹೊಡೆಯುವ ಅಗತ್ಯವಿಲ್ಲ. ಆಸನಕ್ಕಾಗಿ ಹಣ ಸುರಿಯಬೇಕಾಗಿಲ್ಲ. ಬೆಂಗಳೂರಿನ ಶಿವಾಜಿನಗರದಂಥ ಗುಜರಿ ಪೇಟೆಗಳಲ್ಲಿ ಹಳೆಯ ಕಾರಿನ ಸೀಟು, ಅದು ಹಿಂದುಮುಂದೆ ಸರಿಯುವ ಹಳಿಯ ಸಮೇತ ಸಿಗುತ್ತದೆ. ಪಕ್ಕದಲ್ಲಿ ಏರ್‌ಬ್ಯಾಗ್ ಅಡಗಿದ ಸೀಟನ್ನು ಮಾತ್ರ ಮುಟ್ಟಬಾರದು. ಅದರೊಳಗೆ ಸಿಡಿಮದ್ದು ಇರುತ್ತದೆ. ಭುಜಗಳು ಆಸನಕ್ಕೆ ಒರಗಿರುವಾಗಲೇ ಚಾಚಿದ ಕೈಯ ಮಣಿಕಟ್ಟು ಚಕ್ರದ ನೆತ್ತಿಯ ಮೇಲೆ ಕುಳಿತುಕೊಳ್ಳಬೇಕು. ಬ್ರೇಕು ಪೂರ್ತಿ ಒತ್ತಿದಾಗಲೂ ಮೊಣಕಾಲಿನಲ್ಲಿ ಕೊಂಚ ಮಡಿಕೆ ಉಳಿಯಬೇಕು. ಅಳತೆಪಟ್ಟಿಗಿಂತ ಈ ಎರಡು ಪರೀಕ್ಷೆಗಳು ಮೇಲು.

ಕಡೆಯದಾಗಿ ಕಣ್ಣು. ಇಲ್ಲಿ ಖರ್ಚೇ ಇಲ್ಲ. ೨೪ ಅಂಗುಲದ ಪರದೆಯ ಅಗಲ ಸುಮಾರು ೫೩ ಸೆಂಟಿಮೀಟರು. ಕಣ್ಣಿನಿಂದ ಅದು ೬೦ ಸೆಂಟಿಮೀಟರು ದೂರದಲ್ಲಿದ್ದರೆ ಕಣ್ಣಿನ ಬಳಿ ಅದು ಮಾಡುವ ಕೋನ ಸುಮಾರು ೪೮ ಡಿಗ್ರಿ. ಆಟಕ್ಕೂ ಅಷ್ಟನ್ನೇ ತೋರಿಸಲು ಹೇಳಬೇಕು. ಹೆಚ್ಚು ಕಾಣಲೆಂದು ೯೦ ಡಿಗ್ರಿಯ ನೋಟವನ್ನು ಆ ಪುಟ್ಟ ಕಿಟಕಿಯೊಳಗೆ ತುರುಕಿದರೆ ವೇಗ ಇದ್ದುದಕ್ಕಿಂತ ಹೆಚ್ಚೆನಿಸುತ್ತದೆ, ತಿರುವು ಇದ್ದುದಕ್ಕಿಂತ ದೂರವೆನಿಸುತ್ತದೆ. ಪರದೆಯನ್ನು ಹತ್ತಿರ ತರುವುದೊಂದೇ ದೊಡ್ಡ ಪರದೆಗೆ ಬಡವನ ಉತ್ತರ.

ಇಷ್ಟೆಲ್ಲ ಮಾಡಿದ ಮೇಲೂ ಈ ಪೀಠ ಕೊಡಲಾರದ್ದು ಒಂದುಂಟು. ತಿರುವಿನಲ್ಲಿ ಮೈಯನ್ನು ಪಕ್ಕಕ್ಕೆ ಸೆಳೆಯುವ ಬಲ ಇಲ್ಲಿಲ್ಲ, ಅಪಾಯವೂ ಇಲ್ಲ. ಇಲ್ಲಿ ಗೋಡೆಗೆ ಬಡಿದ ಕಾರು ಒಂದು ಗುಂಡಿಯೊತ್ತಿದರೆ ಹೊಸದಾಗಿ ನಿಲ್ಲುತ್ತದೆ. ಅದೇ ಜಿ.ಟಿ. ಅಕಾಡೆಮಿಯನ್ನು ೨೦೧೧ರಲ್ಲಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೋನ ಕಾರು ೨೦೧೫ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ ಗಾಳಿಗೆದ್ದು ಬೇಲಿ ದಾಟಿ ಬಿದ್ದಾಗ ಪ್ರೇಕ್ಷಕರೊಬ್ಬರ ಪ್ರಾಣ ಹೋಯಿತು. ಕೋಣೆಯಲ್ಲಿ ವೇಗ ಕಲಿತ ತರುಣ ಹೆದ್ದಾರಿಗಿಳಿಯುವಾಗ ನೆನೆಯಬೇಕಾದ ಸಂಗತಿ ಇದು. ಈ ಪೀಠದಲ್ಲಿ ಕುಳಿತು ನಿಜವಾಗಿ ಕಲಿಯಬಹುದಾದದ್ದು ಹಿಡಿತದ ಎಲ್ಲೆ ಎಲ್ಲಿದೆಯೆಂಬ ಅರಿವನ್ನು. ಅದನ್ನು ಕಲಿತವನು ರಸ್ತೆಯಲ್ಲಿ ಆ ಎಲ್ಲೆಯಿಂದ ದೂರವೇ ಉಳಿಯುವನು. ಮರದ ರೀಪು, ಗುಜರಿಯ ಸೀಟು, ತಕ್ಕಡಿಯ ಸೆಲ್ಲುಗಳಿಂದ ಅಷ್ಟು ದೊರೆಯುವುದಾದರೆ ಖರ್ಚು ಹೆಚ್ಚಾಯಿತೆಂದು ಯಾರೂ ಹೇಳಲಾರರು.